ಎರಡು ಮುತ್ತಿನ ಸದ್ದು, ಅರವತ್ತು ವರ್ಷದ ಕಥೆ

ಭಾಗ 1/10

ಟರ್ಕಿ ಭಾಷೆ ನಮ್ಮ ಕ್ಲಾಸಲ್ಲಿ ಯಾರಿಗೂ ಬರಲ್ಲ. ಆದ್ರೂ ಈ ಹಾಡು ಹಾಕಿದ್ರೆ ಸಾಕು, ಅರ್ಧ ಕ್ಲಾಸಿಗೆ ಗೊತ್ತಾಗುತ್ತೆ. ಪಲ್ಲವಿಯ ಕೊನೆಗೆ ಮಾತು ನಿಂತುಹೋಗಿ, ಆ ಜಾಗದಲ್ಲಿ ಎರಡು ಸಲ ಮುತ್ತಿಡೋ ಸದ್ದು ಬರುತ್ತಲ್ಲ, ಅದೇ ಹಾಡು. ಹಾಡಿದವನು ತಾರ್ಕಾನ್. ಬಂದಿದ್ದು 1997ರಲ್ಲಿ, ಅಂದ್ರೆ ನಾವು ಯಾರೂ ಹುಟ್ಟೋಕೆ ಮುಂಚೆ. ಹೆಸರು 'ಶಿಮರಿಕ್'.

ಹೆಸರಿನಿಂದಲೇ ಶುರು ಮಾಡೋಣ. ಟರ್ಕಿ ಭಾಷೇಲಿ ಚುಕ್ಕಿ ಇಲ್ಲದ ಒಂದು 'ಐ' ಅಕ್ಷರ ಇದೆ. ಅದರ ಉಚ್ಚಾರ ನಮ್ಮ 'ಇ' ಅಲ್ಲ, 'ಉ'ನೂ ಅಲ್ಲ, ಎರಡರ ಮಧ್ಯೆ ಗಂಟಲಿನ ಕಡೆಯಿಂದ ಬರೋ ಸ್ವರ. ಹಾಗಾಗಿ ಕನ್ನಡದಲ್ಲಿ ಪಕ್ಕಾ ಬರೆಯೋಕಾಗಲ್ಲ, 'ಶಿಮರಿಕ್' ಅಂತ ಇಟ್ಕೊಳ್ಳೋಣ. ಅರ್ಥ ಮಾತ್ರ ನಮಗೆ ಚೆನ್ನಾಗಿ ಗೊತ್ತಿರೋದೇ: ಅತಿ ಮುದ್ದಿನಿಂದ ಕೆಟ್ಟವಳು, ತಲೆ ಮೇಲೆ ಹತ್ತಿ ಕೂತವಳು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ದಿನಕ್ಕೊಂದ್ಸಲ ಬೀಳೋ ಮಾತು.

ಹಿಂದಿನ ಸೀರೀಸ್ ಓದಿದವರಿಗೆ ಗೊತ್ತು, ಇಲ್ಲಿ ಹಾಡಿಗೆ ಸ್ಟಾರ್ ಕೊಡಲ್ಲ, ಹಾಡಿನ ಹಿಂದಿನ ಲೆಕ್ಕ ತೆಗೀತೀವಿ. ಈ ಸಲ ನಾಲ್ಕು ಪ್ರಶ್ನೆ. ಈ ಸದ್ದು ಎಲ್ಲಿಂದ ಬಂತು? ಪದಗಳು ಏನು ಹೇಳ್ತಿವೆ? ಬರೆದಿದ್ದು ಯಾರು? ಹಾಡು ದೇಶ ದಾಟಿದಾಗ ಏನು ಉಳೀತು, ಏನು ಕಳೆದುಹೋಯ್ತು?

ಇದು ಬರೀ ಮುತ್ತಿನ ಹಾಡು ಅಂತ ಅಂದ್ಕೊಂಡಿರೋರಿಗೆ ಮೊದಲೇ ಹೇಳ್ಬಿಡ್ತೀನಿ. ಇದು ಗಂಡಸರ ಮರ್ಯಾದೆ ಅನ್ನೋದನ್ನ ಗೇಲಿ ಮಾಡೋ ಹಾಡು. ಗೇಲಿ ಮಾಡಿದ್ದು ಒಬ್ಬ ಹೆಂಗಸು. ಅದನ್ನ ಹಾಡಿಸಿದ್ದು ಒಬ್ಬ ಗಂಡಸಿನ ಬಾಯಲ್ಲೇ.

ಭಾಗ 2/10

ಹಾಡು ಅರ್ಥ ಆಗ್ಬೇಕಂದ್ರೆ ರೇಡಿಯೋ ಬಂದ್ ಆದ ಕಥೆಯಿಂದ ಶುರು ಮಾಡ್ಬೇಕು.

1923ರಲ್ಲಿ ಟರ್ಕಿ ಗಣರಾಜ್ಯ ಆಯ್ತು. ಮುಸ್ತಫಾ ಕೆಮಾಲ್ ಅತಾತುರ್ಕ್‌ಗೆ ದೇಶವನ್ನ ಬೇಗ ಹೊಸದು ಮಾಡೋ ಆತುರ. 1928ರಲ್ಲಿ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. ನಮ್ಮ ಚುಕ್ಕಿ ಇಲ್ಲದ ಆ ಅಕ್ಷರ ಹುಟ್ಟಿದ್ದೂ ಆಗಲೇ. ಲಿಪಿ ಆದ್ಮೇಲೆ ಸರದಿ ಸಂಗೀತದ್ದು. ಹಳೇ ಒಟ್ಟೋಮನ್ ಸಂಗೀತ 'ಪೂರ್ವದ್ದು, ಹಿಂದುಳಿದದ್ದು'. ಬೇಕಾಗಿರೋದು ಹಳ್ಳಿ ಜಾನಪದವನ್ನ ಪಶ್ಚಿಮದ ಸ್ವರಮೇಳಕ್ಕೆ ಕೂರಿಸಿದ ಹೊಸ ರಾಷ್ಟ್ರೀಯ ಸಂಗೀತ. ಇದು ಸರ್ಕಾರದ ಲೆಕ್ಕಾಚಾರ.

1934ರ ನವೆಂಬರಲ್ಲಿ ರೇಡಿಯೋದಲ್ಲಿ ಒಟ್ಟೋಮನ್ ಶೈಲಿಯ ಸಂಗೀತವನ್ನೇ ನಿಲ್ಲಿಸಿಬಿಟ್ರು. 1936ರವರೆಗೂ ಆ ನಿಷೇಧ ಇತ್ತು. ಆಗ ಜನ ಏನ್ ಮಾಡಿದ್ರು ಗೊತ್ತಾ? ಬೀಥೋವನ್ ಕೇಳೋಕೆ ಕೂರಲಿಲ್ಲ. ಗುಂಡಿ ತಿರುಗಿಸಿ ಈಜಿಪ್ಟಿನ ಸ್ಟೇಷನ್ ಹಿಡಿದ್ರು. 1938ರಲ್ಲಿ ಅಬ್ದುಲ್ ವಹಾಬ್ ನಟಿಸಿ ಹಾಡಿದ್ದ ಈಜಿಪ್ಟ್ ಸಿನಿಮಾ ಇಸ್ತಾಂಬುಲ್‌ನಲ್ಲಿ ಬಿಡುಗಡೆಯಾದಾಗ ಜನ ಮುಗಿಬಿದ್ರು. ಆಮೇಲೆ ಅರಬ್ಬಿ ಹಾಡುಗಳ ಮೇಲೂ ಕಡಿವಾಣ ಬಂತು. ಟ್ಯೂನ್ ಬಿಡೋಕೆ ಮನಸ್ಸಿಲ್ಲದ ಸಿನಿಮಾದವರು ಅದೇ ಧಾಟಿಗೆ ಟರ್ಕಿ ಪದ ಕೂರಿಸಿಕೊಂಡ್ರು.

ಇಲ್ಲೊಂದು ಪಾಠ ಇದೆ, ನಮ್ಮ ಎಕನಾಮಿಕ್ಸ್ ಪುಸ್ತಕದಲ್ಲಿರೋದೇ. ಬೇಡಿಕೆ ಇರೋ ಮಾಲನ್ನ ಮುಂಬಾಗಿಲಲ್ಲಿ ನಿಲ್ಲಿಸಿದ್ರೆ ಅದು ಹಿತ್ತಿಲಿಂದ ಒಳಗೆ ಬರುತ್ತೆ. ಟರ್ಕಿ ಪಾಪ್‌ನ ಇಡೀ ಚರಿತ್ರೆ ಈ ಹಿತ್ತಿಲ ಬಾಗಿಲಿನ ಚರಿತ್ರೆ. ತಾರ್ಕಾನ್ ಹಾಡಲ್ಲಿ ಕೇಳೋ ಆ ವಯೊಲಿನ್ ಗುಂಪು ಇದೇ ಹಿತ್ತಿಲಿಂದ ಬಂದಿದ್ದು. ಅದು ಹೇಗೆ ಅಂತ ಮುಂದೆ ನೋಡೋಣ.

ಭಾಗ 3/10

1961. ಫೆಜ್ರಿ ಎಬ್ಜಿಯೋಲು ಅನ್ನೋರು ಒಂದು ಫ್ರೆಂಚ್ ಹಾಡಿನ ಟ್ಯೂನಿಗೆ ಟರ್ಕಿ ಪದ ಬರೆದ್ರು. ಇಲ್ಹಾಮ್ ಗೆಂಜೆರ್ ಹಾಡಿದ್ರು. ಟರ್ಕಿ ಪಾಪ್ ಶುರುವಾಗಿದ್ದು ಅಲ್ಲಿಂದ ಅಂತ ತುಂಬಾ ಜನ ಎಣಿಸ್ತಾರೆ. ಈ ಪದ್ಧತಿಗೆ 'ಅರಾಂಜ್‌ಮಾನ್' ಅಂತ ಹೆಸರೇ ಬಿತ್ತು. ಟ್ಯೂನ್ ಹೊರಗಿಂದು, ಪದ ಮನೇದು. ನಮ್ಮಲ್ಲೂ ಹಳೇ ಸಿನಿಮಾ ಹಾಡುಗಳಲ್ಲಿ ಹಿಂದಿ ಟ್ಯೂನಿಗೆ ಕನ್ನಡ ಪದ ಕೂರಿಸ್ತಿದ್ರಲ್ಲ, ಅದೇ ವ್ಯವಹಾರ.

ಇದು ಸಾಲದು ಅಂತ ಹುರ್ರಿಯೆತ್ ಪತ್ರಿಕೆ 1965ರಲ್ಲಿ 'ಚಿನ್ನದ ಮೈಕ್ರೋಫೋನ್' ಅನ್ನೋ ಸ್ಪರ್ಧೆ ಶುರು ಮಾಡ್ತು. ಗಿಟಾರ್, ಡ್ರಮ್ಸ್ ಇರ್ಲಿ, ಆದ್ರೆ ಹಾಡು ಟರ್ಕಿಯದ್ದಾಗಿರ್ಲಿ ಅನ್ನೋದು ಷರತ್ತು. ಆ ಕಾಲದ ಗಾಳಿಯಲ್ಲೇ ಬಾರಿಶ್ ಮಾಂಚೊ, ಜೆಮ್ ಕರಾಜಾ, ಎರ್ಕಿನ್ ಕೊರಾಯ್ ಅವರ ಅನತೋಲಿಯನ್ ರಾಕ್ ಬೆಳೀತು.

ಇನ್ನೊಂದು ಕಡೆ ಹಳ್ಳಿ ಬಿಟ್ಟು ಇಸ್ತಾಂಬುಲ್ ಸೇರಿದ ಲಕ್ಷಾಂತರ ಜನ. ಊರ ಅಂಚಲ್ಲಿ ರಾತ್ರೋರಾತ್ರಿ ಕಟ್ಟಿದ ಮನೆಗಳು. ಟರ್ಕಿ ಭಾಷೇಲಿ ಆ ಮನೆಗಳ ಹೆಸರಿನ ಅರ್ಥವೇ 'ರಾತ್ರಿ ಇಟ್ಟದ್ದು'. ಅವರ ನೋವಿಗೆ ಸಿಕ್ಕ ಸಂಗೀತ 'ಅರಬೆಸ್ಕ್'. ಓರ್ಹಾನ್ ಗೆಂಜೆಬಾಯ್ ಅದರ ದೊಡ್ಡ ಹೆಸರು. ಟರ್ಕಿಯ ಸಾಜ್ ವಾದ್ಯ, ಈಜಿಪ್ಟ್ ಶೈಲಿಯ ದೊಡ್ಡ ವಯೊಲಿನ್ ಗುಂಪು, ಎಲೆಕ್ಟ್ರಿಕ್ ಗಿಟಾರ್, ಹಣೆಬರಹದ ಮೇಲೆ ದೂರು. ಹಿತ್ತಿಲಿಂದ ಬಂದ ಸದ್ದು ಇದೇ.

1964ರಲ್ಲಿ ಶುರುವಾದ ಸರ್ಕಾರಿ ಪ್ರಸಾರ ಸಂಸ್ಥೆ ಟಿಆರ್‌ಟಿ ಅರಬೆಸ್ಕ್‌ನ ಹತ್ತಿರ ಸೇರಿಸ್ತಿರಲಿಲ್ಲ. ಆದ್ರೆ ಕ್ಯಾಸೆಟ್‌ಗೆ ಸೆನ್ಸಾರ್ ಆಫೀಸರ್ ಮನೆ ಬಾಗಿಲು ಬೇಕಿಲ್ವಲ್ಲ! ಡೊಲ್ಮುಶ್ ಅಂತ ಶೇರ್ ಟ್ಯಾಕ್ಸಿಗಳಿರ್ತವೆ, ಆ ಪದಕ್ಕೆ 'ತುಂಬಿದ್ದು' ಅಂತ ಅರ್ಥ. ಅವುಗಳಲ್ಲಿ ಇಡೀ ದಿನ ಅರಬೆಸ್ಕ್ ಕ್ಯಾಸೆಟ್ ಓಡ್ತಿತ್ತು. ಓದಿದವರು 'ಡೊಲ್ಮುಶ್ ಸಂಗೀತ' ಅಂತ ಮೂಗು ಮುರೀತಿದ್ರು.

ಅಂದ್ರೆ ಎರಡು ಟರ್ಕಿ. ಒಂದು ರೇಡಿಯೋದಲ್ಲಿ, ಇನ್ನೊಂದು ಟ್ಯಾಕ್ಸಿಯಲ್ಲಿ.

ಭಾಗ 4/10

ಈ ಎರಡನ್ನೂ ಒಂದೇ ಟೇಬಲ್ಲಿಗೆ ಕೂರಿಸಿದವರಲ್ಲಿ ದೊಡ್ಡ ಹೆಸರು ಸೆಜೆನ್ ಅಕ್ಸು. ನಮ್ಮ ಕಥೆಯ ನಿಜವಾದ ನಾಯಕಿ.

ಹುಟ್ಟಿದ್ದು 1954ರಲ್ಲಿ, ದೆನಿಜ್ಲಿ ಪ್ರಾಂತ್ಯದ ಸರಾಯ್‌ಕೋಯ್‌ನಲ್ಲಿ. ಬೆಳೆದಿದ್ದು ಇಜ್ಮಿರ್‌ನಲ್ಲಿ. ಮೊದಲ ರೆಕಾರ್ಡ್ 1975ರಲ್ಲಿ, ಆಗ ಬೇರೆ ಅಡ್ಡಹೆಸರು ಇಟ್ಕೊಂಡಿದ್ರು. ಆಮೇಲೆ ಜನ ಪ್ರೀತಿಯಿಂದ ಕೊಟ್ಟ ಹೆಸರು 'ಪುಟ್ಟ ಗುಬ್ಬಚ್ಚಿ'.

ಅವರ ಜೊತೆ ನಿಂತ ಸಂಗೀತಗಾರ ಓನ್ನೊ ತುಂಚ್, ಇಸ್ತಾಂಬುಲ್‌ನ ಅರ್ಮೇನಿಯನ್ ಸಮುದಾಯದವರು. 1984ರ 'ಸೆನ್ ಆಲಾಮಾ', 1991ರ 'ಗುಲುಮ್‌ಸೆ' ಆಲ್ಬಂಗಳಲ್ಲಿ ಇವರಿಬ್ಬರೂ ಟರ್ಕಿ ಪಾಪ್‌ಗೆ ಹೊಸ ವ್ಯಾಕರಣವೇ ಬರೆದ್ರು ಅಂತ ಹೇಳ್ಬಹುದು. ಅರಬೆಸ್ಕ್‌ನ ವಯೊಲಿನ್ ಇದೆ, ಆದ್ರೆ ಗೋಳಾಟ ಇಲ್ಲ. ಪಶ್ಚಿಮದ ಕಾರ್ಡ್ ಇದೆ, ಆದ್ರೆ ರಾಗ ನಮ್ಮೂರಿಂದು ಅಂತ ಅಲ್ಲಿಯವರಿಗೆ ಅನ್ನಿಸುತ್ತೆ. 1996ರ ಜನವರಿಯಲ್ಲಿ ಓನ್ನೊ ತುಂಚ್ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡ್ರು. ಅಂದ್ರೆ 'ಶಿಮರಿಕ್' ಅಂಥ ನಗೋ ಹಾಡು ಬಂದಿದ್ದು, ಬರೆದವರು ತಮ್ಮ ದೊಡ್ಡ ಜೊತೆಗಾರನನ್ನ ಕಳ್ಕೊಂಡ ಮರುವರ್ಷ. ಇದನ್ನ ಓದಿದ್ಮೇಲೆ ಹಾಡು ನನಗಂತೂ ಸ್ವಲ್ಪ ಬೇರೆ ಥರ ಕೇಳಿಸ್ತು.

ಅಕ್ಸು ಬಗ್ಗೆ ಇನ್ನೊಂದು ವಿಷಯ. ಅವರ ಹಿಂದೆ ಕೋರಸ್ ಹಾಡ್ತಿದ್ದೋರೇ ಮುಂದೆ ಸ್ಟಾರ್ ಆದ್ರು. ಆಶ್ಕಿನ್ ನೂರ್ ಯೆಂಗಿ, ಲೆವೆಂತ್ ಯುಕ್ಸೆಲ್, ಸೆರ್ತಾಬ್ ಎರೆನೆರ್ ಎಲ್ಲಾ ಅದೇ ಗರಡಿಯವರು. ಸೆರ್ತಾಬ್ 2003ರಲ್ಲಿ ಟರ್ಕಿಗೆ ಯೂರೋವಿಷನ್ ಗೆದ್ದುಕೊಟ್ಟವರು. ಒಬ್ಬ ಹೆಂಗಸು, ಒಂದು ಇಂಡಸ್ಟ್ರಿಗೆ ಅರ್ಧ ಹಾಡು ಮತ್ತು ಅರ್ಧ ಗಾಯಕರನ್ನ ಕೊಟ್ಟಂಗೆ.

ಇಂಡಸ್ಟ್ರಿ ಅಂದ್ನಲ್ಲ, ಅದು ಇದ್ದ ಜಾಗ ಇಸ್ತಾಂಬುಲ್‌ನ ಉನ್ಕಪಾನಿ. ಬಟ್ಟೆ ವ್ಯಾಪಾರಿಗಳಿಗೆ ಅಂತ ಕಟ್ಟಿದ್ದ ದೊಡ್ಡ ಕಾಂಪ್ಲೆಕ್ಸು. ಅಲ್ಲಿ ಕ್ಯಾಸೆಟ್ ಕಂಪನಿಗಳು ಸೇರ್ಕೊಂಡು, ಹಾಡುಗಾರ ಆಗ್ಬೇಕು ಅಂತ ಊರು ಬಿಟ್ಟು ಬಂದವರೆಲ್ಲ ಮೊದಲು ಆ ಮೆಟ್ಟಿಲು ಹತ್ತಬೇಕಿತ್ತು.

ಭಾಗ 5/10

ಈಗ 1990ರ ದಶಕ. ಇಲ್ಲಿ ಕಥೆ ಓಡುತ್ತೆ.

ಟರ್ಕಿಯಲ್ಲಿ ರೇಡಿಯೋ, ಟಿವಿ ನಡೆಸೋ ಹಕ್ಕು ಸಂವಿಧಾನದ ಪ್ರಕಾರ ಸರ್ಕಾರದ್ದು ಮಾತ್ರ. 1990ರಲ್ಲಿ ಒಂದು ಖಾಸಗಿ ಚಾನೆಲ್ ಈ ಗೋಡೆಗೆ ಕನ್ನ ಹಾಕ್ತು. ಜರ್ಮನಿಯಿಂದ ಸ್ಯಾಟಲೈಟ್ ಮೂಲಕ ಪ್ರಸಾರ ಮಾಡಿದ್ರೆ 'ಟರ್ಕಿಯಲ್ಲಿ' ಪ್ರಸಾರ ಮಾಡಿದಂಗೆ ಆಗಲ್ವಲ್ಲ! ಕಾನೂನಿನ ಸಂದಿಯಲ್ಲಿ ನುಸುಳೋದು ಅಂದ್ರೆ ಇದು. ಹಿಂದೆನೇ ಊರೂರಲ್ಲಿ ಖಾಸಗಿ ಎಫ್‌ಎಂ ಶುರುವಾದ್ವು, ಲೈಸೆನ್ಸೂ ಇಲ್ಲ, ಕಾನೂನೂ ಇಲ್ಲ.

1993ರ ವಸಂತದಲ್ಲಿ ಸರ್ಕಾರ ಆ ಎಫ್‌ಎಂಗಳನ್ನ ಮುಚ್ಚಿಸ್ತು. ಆಗ ಜನ ಬೀದಿಗಿಳಿದು ಕಲ್ಲು ಹೊಡೀಲಿಲ್ಲ. ಕಾರಿನ ಆಂಟೆನಾಗೆ ಕಪ್ಪು ರಿಬ್ಬನ್ ಕಟ್ಟಿದ್ರು. 'ನನ್ನ ರೇಡಿಯೋ ನನಗೆ ಬೇಕು' ಅನ್ನೋದೇ ಘೋಷಣೆ. ಅದೇ ವರ್ಷ ಜುಲೈನಲ್ಲಿ ಸಂವಿಧಾನ ತಿದ್ದುಪಡಿ ಆಗಿ ಸರ್ಕಾರದ ಏಕಸ್ವಾಮ್ಯ ಮುಗೀತು.

ಯೋಚನೆ ಮಾಡಿ. 1934ರಲ್ಲಿ ಸರ್ಕಾರ ರೇಡಿಯೋ ಬಾಯಿ ಮುಚ್ಚಿಸಿದಾಗ ಜನ ಈಜಿಪ್ಟಿಗೆ ಗುಂಡಿ ತಿರುಗಿಸಿದ್ರು. ಸುಮಾರು ಅರವತ್ತು ವರ್ಷ ಆದ್ಮೇಲೆ ಮತ್ತೆ ಮುಚ್ಚಿಸೋಕೆ ಹೋದಾಗ ಸಂವಿಧಾನವನ್ನೇ ತಿರುಗಿಸಿದ್ರು.

ಈ ಹೊಸ ಚಾನೆಲ್‌ಗಳಿಗೆ 24 ಗಂಟೆ ತುಂಬಿಸೋಕೆ ಏನಾದ್ರೂ ಬೇಕಲ್ಲ? ಹಾಡಿನ ವಿಡಿಯೋ ಕಡಿಮೆ ಖರ್ಚಿನ ಮಾಲು. ಬರೀ ಮ್ಯೂಸಿಕ್ಕಿಗೇ ಅಂತ ಕ್ರಾಲ್ ಟಿವಿ ಬಂತು. ಇಷ್ಟು ವರ್ಷ ಯಾವ ಹಾಡು ಸಭ್ಯ, ಯಾವುದು ಅಲ್ಲ ಅಂತ ಟಿಆರ್‌ಟಿಯ ಕಮಿಟಿ ತೀರ್ಮಾನ ಮಾಡ್ತಿತ್ತು. ಈಗ ತೀರ್ಮಾನ ಮಾಡೋದು ನೋಡೋರು. ಕಿವಿಗೆ ಮಾತ್ರ ಇದ್ದ ಪಾಪ್‌ಗೆ ಇದ್ದಕ್ಕಿದ್ದಂಗೆ ಮುಖ, ಸೊಂಟ, ಕಿವಿಯೋಲೆ ಎಲ್ಲಾ ಬಂದ್ವು.

ಆ ಮುಖ, ಸೊಂಟ, ಕಿವಿಯೋಲೆ ಯಾರದ್ದು ಅಂತ ನಿಮಗೀಗ ಗೊತ್ತಾಗಿರ್ಬೇಕು.

ಭಾಗ 6/10

ತಾರ್ಕಾನ್ ಹುಟ್ಟಿದ್ದು ಟರ್ಕಿಯಲ್ಲಲ್ಲ. 1972ರಲ್ಲಿ ಪಶ್ಚಿಮ ಜರ್ಮನಿಯ ಆಲ್ಟ್ಸೈ ಅನ್ನೋ ಸಣ್ಣ ಊರಲ್ಲಿ.

ಕಾರಣ 1961ರ ಒಂದು ಒಪ್ಪಂದ. ಯುದ್ಧ ಮುಗಿದ್ಮೇಲೆ ಜರ್ಮನಿಯ ಕಾರ್ಖಾನೆಗಳಿಗೆ ಕೆಲಸಗಾರರು ಬೇಕಿತ್ತು, ಟರ್ಕಿಯಲ್ಲಿ ಕೈಗಳಿದ್ವು, ಕೆಲಸ ಇರಲಿಲ್ಲ. 'ಅತಿಥಿ ಕಾರ್ಮಿಕರು' ಅಂತ ಹೆಸರು. ಅತಿಥಿ ಅಂದ್ರೆ ನಾಲ್ಕು ದಿನ ಇದ್ದು ಹೋಗೋರು ಅಂತ ಜರ್ಮನಿ ಲೆಕ್ಕ ಹಾಕಿತ್ತು, ಲೆಕ್ಕ ತಪ್ಪಿತು. ತುಂಬಾ ಜನ ಅಲ್ಲೇ ಉಳಿದ್ರು. ತಾರ್ಕಾನ್ ಮನೆಯವರು 1986ರಲ್ಲಿ ಟರ್ಕಿಗೆ ವಾಪಸ್ ಬಂದ್ರು. ಹುಡುಗನಿಗೆ ಆಗ ಹದಿಮೂರು-ಹದಿನಾಲ್ಕು. ಮನೇಲಿ ಟರ್ಕಿಯ ಹಾಡು, ಹೊರಗೆ ಯೂರೋಪಿನ ಪಾಪ್, ಎರಡನ್ನೂ ಕೇಳಿ ಬೆಳೆದ ಕಿವಿ. ಊರಿಗೆ ಬಂದು ಶಾಸ್ತ್ರೀಯ ಟರ್ಕಿ ಸಂಗೀತ ಕಲಿತ.

ಮೊದಲ ಆಲ್ಬಂ 1992ರ ಕೊನೆಗೆ. ಎರಡನೇದು 1994ರಲ್ಲಿ, ಅದರಲ್ಲಿ ಸೆಜೆನ್ ಅಕ್ಸು ಹಾಡು ಕೊಟ್ರು. ಮೂರನೇದು 1997ರ 'ಓಲುರುಮ್ ಸಾನಾ', ಅದರಲ್ಲೇ 'ಶಿಮರಿಕ್'.

ಇವನು ಟಿವಿಯಲ್ಲಿ ಕುಣಿಯೋ ರೀತಿ ನೋಡಿ ದೊಡ್ಡವರಿಗೆ ಕಸಿವಿಸಿ. ಮೀಸೆ ಇಲ್ಲ, ಕಿವಿಗೆ ಓಲೆ, ಸೊಂಟ ಬಳುಕಿಸ್ತಾನೆ. ಅಲ್ಲಿವರೆಗೆ ಅರಬೆಸ್ಕ್ ಗಂಡಸು ಅಂದ್ರೆ ದಪ್ಪ ಮೀಸೆ, ಭಾರದ ಮುಖ, ಎದೆ ಹಿಡ್ಕೊಂಡು ಅಳೋದು. 'ಇವನೆಂಥ ಗಂಡಸು' ಅಂತ ಮಾತಾಡೋರು ಮಾತಾಡ್ತಿದ್ರು, ಹುಡುಗೀರು ಕಿರುಚ್ತಿದ್ರು, ಕ್ಯಾಸೆಟ್ ಖರ್ಚಾಗ್ತಿತ್ತು.

ಈ ಹಿನ್ನೆಲೆ ಇಟ್ಕೊಂಡು ಅಕ್ಸು ಮಾಡಿದ್ದು ನೋಡಿ. ಹಳೇ ಕಾಲದ ಗಂಡಸಿನ ಗೊಣಗಾಟವನ್ನ ಬರೆದು, ಅದನ್ನ ಈ ಹುಡುಗನ ಕೈಗೆ ಕೊಟ್ರು. ದಪ್ಪ ಮೀಸೆಯವನು ಅದನ್ನೇ ಹಾಡಿದ್ರೆ ಬೈಗುಳ ಆಗ್ತಿತ್ತು. ಓಲೆ ಹಾಕಿದವನು ಹಾಡಿದ್ದಕ್ಕೆ ತಮಾಷೆ ಆಯ್ತು.

ಭಾಗ 7/10

ಹೆಡ್‌ಫೋನ್ ಹಾಕ್ಕೊಳ್ಳಿ. ಈ ಭಾಗ ಸದ್ದಿನದ್ದು.

ಅರೇಂಜ್ ಮಾಡಿದ್ದು ಓಜಾನ್ ಚೊಲಾಕೋಲು. ಕೆಳಗಿನ ಪದರದಲ್ಲಿ ಯೂರೋಪಿನ ಡ್ಯಾನ್ಸ್ ಫ್ಲೋರ್ ಬೀಟ್, ನಾಲ್ಕರ ಎಣಿಕೆ, ಯಾರು ಬೇಕಾದ್ರೂ ಕಾಲು ಕುಣಿಸಬಹುದು. ಅದರ ಮೇಲೆ ತಾಳವಾದ್ಯದ ಇನ್ನೊಂದು ಪದರ. ಟರ್ಕಿಯ ದರ್ಬುಕ ನೋಡಿರ್ತೀರಿ, ಹೂಜಿ ಆಕಾರ, ತೊಡೆ ಮೇಲೆ ಅಡ್ಡ ಇಟ್ಕೊಂಡು ಬೆರಳಲ್ಲಿ ಬಾರಿಸ್ತಾರೆ. ಮಧ್ಯಕ್ಕೆ ಹೊಡೆದ್ರೆ ಗುಂಡಗಿನ 'ದುಮ್', ಅಂಚಿಗೆ ಹೊಡೆದ್ರೆ ಚೂಪಾದ 'ತೆಕ್'.

ಆ ಸಂಗೀತದಲ್ಲಿ 'ದುಯೆಕ್' ಅಂತ ಒಂದು ತಾಳ ಇದೆ. ಎಂಟು ಎಣಿಕೆ. ದುಮ್ ತೆಕ್ ತೆಕ್ ದುಮ್ ತೆಕ್. ಐದು ಪೆಟ್ಟು, ಆದ್ರೆ ಅಳತೆ ಒಂದೇ ಅಲ್ಲ: 1, 2, 1, 2, 2. ಕೂಡಿಸಿ, ಎಂಟು ಬರುತ್ತೆ. ನಮ್ಮ ಆದಿತಾಳಕ್ಕೂ ಎಂಟು, ಆದ್ರೆ ಅದು 4, 2, 2. ಮೊತ್ತ ಒಂದೇ, ಹಂಚಿಕೆ ಬೇರೆ. ಈ ಹಂಚಿಕೆಯಿಂದಲೇ ಸೊಂಟಕ್ಕೆ ಬೇರೆ ಸಂದೇಶ ಹೋಗೋದು. ಈ ಕುಟುಂಬದ ಲಯ ಟರ್ಕಿಯಿಂದ ಈಜಿಪ್ಟಿನವರೆಗೂ ಮದುವೆ ಮನೆಗಳಲ್ಲಿ ಕೇಳುತ್ತೆ.

ಆಮೇಲೆ ವಯೊಲಿನ್. ಪಶ್ಚಿಮದ ಆರ್ಕೆಸ್ಟ್ರಾದಲ್ಲಿ ಒಬ್ಬೊಬ್ಬರು ಒಂದೊಂದು ಸ್ವರ ಹಿಡಿದು ಕಾರ್ಡ್ ಕಟ್ತಾರೆ. ಇಲ್ಲಿ ಇಡೀ ಗುಂಪು ಒಂದೇ ಸಾಲನ್ನ ಒಟ್ಟಿಗೆ ನುಡಿಸುತ್ತೆ, ಹಾಡಿಗೆ ಉತ್ತರ ಕೊಡೋ ಥರ. ನಮ್ಮ ಹಳೇ ಸಿನಿಮಾ ಹಾಡಲ್ಲಿ ಪಲ್ಲವಿ ಮುಗಿದು ಚರಣ ಬರೋ ಮುಂಚೆ ವಯೊಲಿನ್‌ಗಳೆಲ್ಲ ಒಟ್ಟಿಗೆ ಓಡ್ತವಲ್ಲ, ಅದೇ ರುಚಿ. ಟರ್ಕಿಯವರ 'ಮಕಾಮ್' ಪದ್ಧತಿ ನಮ್ಮ ರಾಗದ ಹಾಗೆ ಸಾಲಿನ ಸಂಗೀತ, ಅದಕ್ಕೇ ನಮ್ಮ ಕಿವಿಗೆ ಇದು ಪರಕೀಯ ಅನ್ನಿಸಲ್ಲ.

ಕೊನೇದು ಮುತ್ತು. ಅದು ಬರೋದು ಪದ ಬರಬೇಕಾದ ಜಾಗದಲ್ಲಿ, ತಾಳದ ಮೇಲೆ. ಮುತ್ತನ್ನೇ ತಾಳವಾದ್ಯ ಮಾಡ್ಬಿಟ್ಟಿದ್ದಾರೆ. ಭಾಷೆ ಬರದವನಿಗೂ ಹಾಡು ಅರ್ಥ ಆಗೋಕೆ ಕಾರಣ ಈ ಎರಡು ಪೆಟ್ಟು.

ಭಾಗ 8/10

ಪದಗಳಿಗೆ ಬರೋಣ. ಸಾಲು ಕೊಡಲ್ಲ, ಕಥೆ ಹೇಳ್ತೀನಿ.

ಒಬ್ಬ ಹುಡುಗ ನಿಂತಿದ್ದಾನೆ. ಅವಳು ಯಾರದೋ ತೋಳು ಹಿಡ್ಕೊಂಡು ಇವನ ಎದುರೇ ಹೋಗ್ತಾಳೆ. ಕಣ್ಣಿಗೆ ಕಾಡಿಗೆ, ತುಟಿಗೆ ಕೆಂಪು, ಬಾಯಲ್ಲಿ ಬಬಲ್‌ಗಮ್, ಊದಿ ಊದಿ ಪಟ್ ಅನ್ನಿಸ್ತಾಳೆ. ಇವನಿಗೆ ಉರಿ. ಇದೆಲ್ಲ ಗಂಡಸುತನಕ್ಕೆ ಹೊಂದುತ್ತಾ, ಅಪ್ಪಂದಿರಿಂದ ಕಲಿತಿದ್ದು ಇದೇನಾ, ಜನರ ಮುಂದೆ ಮಾನ ಹೋಯ್ತು ಅಂತ ದೋಸ್ತ್‌ಗಳ ಹತ್ರ ಗೋಳು. ಮಧ್ಯೆ ತಾನೇ ಒಪ್ಕೋತಾನೆ: ನನ್ನವಳಾಗಲಿಲ್ಲ ಅಂತಲೇ ಇಷ್ಟು ಮರುಳಾದೆನೋ ಏನೋ.

ಈ ಗೋಳಿನ ತುಂಬಾ ಗಾದೆಗಳು. ಹಳೇ ಹಳ್ಳಿಗೆ ಹೊಸ ಪದ್ಧತಿ ತರೋದು ಅನ್ನೋದು ಟರ್ಕಿ ನುಡಿಗಟ್ಟು, ಕಟ್ಟೆ ಮೇಲೆ ಕೂತ ಹಿರಿಯರು ಹೇಳೋ ಥರದ್ದು. ಸಿಹಿ ನಾಲಿಗೆ ಹಾವನ್ನ ಬಿಲದಿಂದ ಹೊರಗೆ ಕರೆಯುತ್ತೆ ಅನ್ನೋದು ಇನ್ನೊಂದು ಗಾದೆ. ಬಿಡದೆ ಕಾಡೋ ತೊಂದರೆಗೆ ಅವರು 'ಕುಚ್ಚು ಕಟ್ಟಿದ ಪೀಡೆ' ಅಂತಾರೆ. ಇವೆಲ್ಲ ಅಜ್ಜ-ಅಜ್ಜಿ ಬಾಯಿನ ಮಾತು. ಅವನ್ನ ಇಪ್ಪತ್ತರ ಹರೆಯದ ಹುಡುಗನ ಬಾಯಿಗೆ ಹಾಕಿ, ಡಿಸ್ಕೋ ಬೀಟ್ ಕೊಟ್ಟು ಕುಣಿಸಿದ್ರೆ ನಗು ಬರದೆ ಇರುತ್ತಾ? ನಗು ಅವಳ ಮೇಲಲ್ಲ, ಅವನ ಮೇಲೆ.

ಈಗ ಆ ಮುತ್ತಿನ ಜಾಗ. ಅದಕ್ಕೆ ಮುಂಚಿನ ಪದದ ಅರ್ಥ 'ನಾನು ಹಿಡಿದ್ರೆ'. ನಮ್ಮಲ್ಲಿ ಕ್ರಿಯಾಪದದ ಕೊನೆಗೆ 'ರೆ' ಸೇರಿಸ್ತೀವಿ, ಅವರು 'ಸಾ' ಸೇರಿಸ್ತಾರೆ. ಕ್ರಿಯಾಪದ ವಾಕ್ಯದ ಕೊನೆಗೆ ಬರೋದೂ ಇಬ್ಬರಲ್ಲೂ ಒಂದೇ. ಹಾಗಾಗಿ ಕನ್ನಡದಲ್ಲೂ ಇದು ಕೂರುತ್ತೆ: 'ನೀನೇನಾದ್ರೂ ಕೈಗೆ ಸಿಕ್ಕಿದ್ರೆ...' ಅಂತ ನಿಲ್ಲಿಸಿ ನೋಡಿ. ಬೆದರಿಕೆನೋ ಮುದ್ದೋ ಗೊತ್ತಾಗಲ್ಲ. ನಮ್ಮ ಅಮ್ಮಂದಿರು ದಿನಾ ಬಳಸೋ ವ್ಯಾಕರಣ.

ಕಾಮೆಂಟಲ್ಲಿ ಬರೋ ಪ್ರಶ್ನೆ ನನಗೆ ಗೊತ್ತು: ಹಿಡಿದು ಮುತ್ತು ಕೊಡ್ತೀನಿ ಅನ್ನೋದು ತಪ್ಪಲ್ವಾ? ಇವತ್ತಿನ ಕಿವಿಗೆ ಚುಚ್ಚೋದು ನಿಜ, ಚುಚ್ಚಲಿ. ಆದ್ರೆ ಹಾಡು ಮುಗಿಯೋವರೆಗೂ ಆ 'ರೆ' ಹಾಗೇ ಇರುತ್ತೆ. ಅವನು ಹಿಡಿಯೋದೇ ಇಲ್ಲ. ಅವಳು ಗಮ್ ಊದ್ತಾ ಹೋಗ್ತಾನೇ ಇರ್ತಾಳೆ.

ಭಾಗ 9/10

ನಮ್ಮ ಬಿಕಾಂ ಬುದ್ಧಿಗೆ ಕೆಲಸ. ದುಡ್ಡು ಯಾರಿಗೆ?

ಒಂದು ಹಾಡಲ್ಲಿ ಎರಡು ಆಸ್ತಿ ಇರುತ್ತೆ. ಒಂದು ಕೃತಿ, ಅಂದ್ರೆ ರಾಗ ಮತ್ತು ಪದ. ಇನ್ನೊಂದು ಧ್ವನಿಮುದ್ರಣ, ಅಂದ್ರೆ ಸ್ಟುಡಿಯೋದಲ್ಲಿ ಆದ ಆ ರೆಕಾರ್ಡಿಂಗ್. ನಮ್ಮ 1957ರ ಕಾಪಿರೈಟ್ ಕಾಯ್ದೆ ಕೂಡ ಇವೆರಡನ್ನೂ ಬೇರೆ ಬೇರೆ ಇಡುತ್ತೆ. ಕೇಳೋರು ನೋಡೋದು ಹಾಡಿದವನ ಮುಖ. ಲೆಡ್ಜರ್ ನೋಡೋದು ಬರೆದವರ ಹೆಸರು.

'ಶಿಮರಿಕ್' 1998-99ರ ಹೊತ್ತಿಗೆ ಯೂರೋಪಲ್ಲಿ ಸಿಂಗಲ್ ಆಗಿ ಬಂತು. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯ ಪಟ್ಟಿಗಳಲ್ಲಿ ಮೇಲಕ್ಕೇರಿತು, ಅದೂ ಟರ್ಕಿ ಭಾಷೆಯಲ್ಲೇ. 'ಅತಿಥಿ ಕಾರ್ಮಿಕ'ರ ಮಗನ ಹಾಡಿಗೆ ಜರ್ಮನಿಯ ಹುಡುಗರು ಅರ್ಥ ಗೊತ್ತಿಲ್ದೆ ಕುಣಿದ್ರು. ಇದಕ್ಕಿಂತ ಸಿಹಿ ಉತ್ತರ ಇರುತ್ತಾ?

ಆಮೇಲೆ ಇಂಗ್ಲಿಷಿನವರು ಬಂದ್ರು. 2001ರಲ್ಲಿ ಅಮೆರಿಕದ ಸ್ಟೆಲಾ ಸೋಲೇ, 2002ರಲ್ಲಿ ಆಸ್ಟ್ರೇಲಿಯಾದ ಹಾಲಿ ವ್ಯಾಲನ್ಸ್, ಇಬ್ಬರೂ 'ಕಿಸ್ ಕಿಸ್' ಅನ್ನೋ ಹೆಸರಲ್ಲಿ ಹಾಡಿದ್ರು. ಹಾಲಿ ವ್ಯಾಲನ್ಸ್ ಹಾಡು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಮತ್ತೆ ಹೊಸದಾಗಿ ಹಾಡೋಕೆ ತಾರ್ಕಾನ್ ಧ್ವನಿಮುದ್ರಣ ಬೇಕಿಲ್ಲ, ಕೃತಿ ಬೇಕು. ಕೃತಿ ಸೆಜೆನ್ ಅಕ್ಸುದು. ಲೋಕಕ್ಕೆ ಪರಿಚಯ ಮಾಡಿಸಿದ ಗಂಟಲು ಅವನದ್ದು, ಖಾತೆ ಅವರದ್ದು. 

ಇಲ್ಲಿ ನನ್ನ ನಿಲುವು ಹೇಳ್ತೀನಿ. ಇಂಗ್ಲಿಷ್ ಆವೃತ್ತಿಯಲ್ಲಿ ಮುತ್ತಿನ ಸದ್ದು ಉಳೀತು, ಲಯ ಉಳೀತು. ಹೋಗಿದ್ದು ಅಪ್ಪಂದಿರು, ಹಳೇ ಹಳ್ಳಿ, ಹಾವು, ಕುಚ್ಚು, ಗಂಡಸುತನದ ಗೊಣಗಾಟ, ಎಲ್ಲಾ. ಗೇಲಿ ಹೋಗಿ ಬರೀ ಆಹ್ವಾನ ಉಳೀತು. ಹುಡುಗಿ ಈಗ ತಾನೇ ಮಾತಾಡ್ತಾಳೆ, ಅದು ಸರಿ, ಆದ್ರೆ ಅವಳನ್ನ ನೋಡಿ ಉರ್ಕೊಳ್ಳೋ ಊರೇ ಕಾಣೆ. ಊರಿಲ್ದೆ ಅವಳ ಧೈರ್ಯಕ್ಕೆ ಬೆಲೆ ಎಲ್ಲಿ? ಸರಕು ಗಡಿ ದಾಟಿತು, ಅರ್ಥ ಕಸ್ಟಮ್ಸ್‌ನಲ್ಲೇ ಉಳೀತು.

ತಾರ್ಕಾನ್ ಕೂಡ 2006ರಲ್ಲಿ ಪೂರ್ತಿ ಇಂಗ್ಲಿಷ್ ಆಲ್ಬಂ ಮಾಡಿದ. ಟರ್ಕಿ ಭಾಷೇಲಿ ಹಾಡಿದ್ದಷ್ಟು ದೂರ ಅದು ಹೋಗಲಿಲ್ಲ.

ಭಾಗ 10/10

ಕೊನೇ ಭಾಗ. ಆಮೇಲೆ ಏನಾಯ್ತು?

ಟರ್ಕಿಯಲ್ಲಿ ಗಂಡಸರಿಗೆ ಸೈನ್ಯದ ಸೇವೆ ಕಡ್ಡಾಯ. ಹಾಡು ಯೂರೋಪಲ್ಲಿ ಓಡ್ತಿದ್ದಾಗ ತಾರ್ಕಾನ್ ಹೊರದೇಶದಲ್ಲಿದ್ದ, ಸೇವೆ ಮುಂದೂಡಿದ್ದ ಅವಧಿ ಮುಗಿದಿತ್ತು. ಪೌರತ್ವ ಕಿತ್ಕೊಳ್ಳಬೇಕು ಅನ್ನೋ ಚರ್ಚೆ ಶುರುವಾಯ್ತು. 1999ರ ಆಗಸ್ಟ್ 17ಕ್ಕೆ ಇಜ್ಮಿತ್ ಭೂಕಂಪ ಆಗಿ ಸಾವಿರಾರು ಜನ ಸತ್ರು. ಪರಿಹಾರಕ್ಕೆ ಹಣ ಕೂಡಿಸೋಕೆ ಸರ್ಕಾರ ಕಾನೂನು ಮಾಡ್ತು: ನಿಗದಿತ ಹಣ ಕಟ್ಟಿದವರಿಗೆ 28 ದಿನದ ಸೇವೆ ಸಾಕು. ತಾರ್ಕಾನ್ ಹಣ ಕಟ್ಟಿ 2000ದಲ್ಲಿ 28 ದಿನ ಸೇವೆ ಮುಗಿಸಿದ. 'ಇದು ಗಂಡಸುತನಕ್ಕೆ ಹೊಂದುತ್ತಾ' ಅಂತ ತಮಾಷೆಗೆ ಹಾಡಿದವನಿಗೆ ದೇಶವೇ ಅದೇ ಪ್ರಶ್ನೆ ಸೀರಿಯಸ್ಸಾಗಿ ಕೇಳಿತ್ತು.

ಸೆಜೆನ್ ಅಕ್ಸುಗೂ ಸರದಿ ಬಂತು. 2022ರ ಜನವರಿಯಲ್ಲಿ ಅವರ ಹಳೇ ಹಾಡೊಂದರಲ್ಲಿ ಆದಮ್ ಮತ್ತು ಹವ್ವಾ ಬಗ್ಗೆ ಇದ್ದ ಮಾತು ಕೆದಕಿ ಗಲಾಟೆ ಎಬ್ಬಿಸಿದ್ರು. ಅಧ್ಯಕ್ಷ ಎರ್ದೊವಾನ್ ನಾಲಿಗೆ ಕತ್ತರಿಸೋ ಮಾತಾಡಿದ್ರು. ಅಕ್ಸುಗೆ ಆಗ 67 ವರ್ಷ. ಕ್ಷಮೆ ಕೇಳಲಿಲ್ಲ, 'ಬೇಟೆಗಾರ' ಅನ್ನೋ ಹೊಸ ಪದ್ಯ ಬರೆದು ಹಾಕಿದ್ರು. ಅದು ಹಲವು ಭಾಷೆಗಳಿಗೆ ಅನುವಾದ ಆಯ್ತು. ಆಮೇಲೆ ಎರ್ದೊವಾನ್ ತಮ್ಮ ಮಾತು ಅವರನ್ನ ಉದ್ದೇಶಿಸಿದ್ದಲ್ಲ ಅಂದ್ರು. ಅದೇ ವರ್ಷ ಸೆಪ್ಟೆಂಬರ್ 9ಕ್ಕೆ ಅಕ್ಸು ಬೆಳೆದ ಊರು ಇಜ್ಮಿರ್‌ನ ಸಮುದ್ರ ದಂಡೆಯಲ್ಲಿ ತಾರ್ಕಾನ್ ಹಾಡಿದಾಗ ಜನಸಾಗರವೇ ಸೇರಿತ್ತು.

ಟರ್ಕಿ ಭಾಷೇಲಿ ಗೆಳೆಯನಿಗೆ 'ದೋಸ್ತ್'. ಗಾಳಿಗೆ 'ಹವಾ'. ಬಯಲಿಗೆ 'ಮೆಯ್ದಾನ್'. ಲೆಕ್ಕಕ್ಕೆ 'ಹೆಸಾಪ್'. ಪರ್ಷಿಯನ್, ಅರಬ್ಬಿ ಪದಗಳು ಆ ಕಡೆಗೂ ಹೋದ್ವು, ಈ ಕಡೆ ದೋಸ್ತ್, ಹವಾ, ಮೈದಾನ, ಹಿಸಾಬು ಆಗಿ ನಮ್ಮ ಬಾಯಿಗೂ ಬಂದ್ವು. ಹಾಗಾಗಿ ಅದು ಅಷ್ಟೊಂದು ದೂರದ ಊರಲ್ಲ.

ಜೋರಾಗಿ ನಕ್ಕವಳು, ತಡವಾಗಿ ಬಂದವಳು, ಎದುರು ಮಾತಾಡಿದವಳು, ಎಲ್ಲರಿಗೂ ನಮ್ಮಲ್ಲಿ ಒಂದೇ ಹೆಸರು: ತಲೆ ಮೇಲೆ ಕೂತವಳು. ಆ ಬೈಗುಳವನ್ನೇ ಹಾಡಿನ ಹೆಸರು ಮಾಡಿ, ಬೈದವನನ್ನೇ ನಗೆಪಾಟಲು ಮಾಡಿದ್ರು ಅಕ್ಸು. ಅದಕ್ಕೇ ಇನ್ಮೇಲೆ ರೀಲ್ ಮಾಡುವಾಗ ಮುತ್ತು ಇರ್ಲಿ, ಜೊತೆಗೆ ಆ ಬಬಲ್‌ಗಮ್ ಹುಡುಗಿನೂ ನೆನಪಿರ್ಲಿ.

ಕಾಮೆಂಟಲ್ಲಿ ಹೇಳಿ: ನಿಮ್ಮ ಮನೇಲಿ ಈ ಬಿರುದು ಯಾರಿಗಿದೆ, ಯಾವ ಸಾಧನೆಗೆ ಸಿಕ್ತು?